ಬಿಳಿ ಚುಕ್ಕೆಯ ಚಳಿಗಾಲ

ಹಕ್ಕರಕಿ ಸೊಪ್ಪಿನ ದಂಟು ಮುರಿದರೆ ಬಿಳಿ ಹಾಲು ಒಸರುತ್ತದೆ. ಅದಕ್ಕೊಂದು ಕಹಿ ವಾಸನೆ ಇದೆ, ಎರೆಮಣ್ಣಿನ ತೇವದ ಜೊತೆ ಸೇರಿದಾಗ ಮಾತ್ರ ಗೊತ್ತಾಗುವಂಥದು. ಹೋದ ರವಿವಾರ ಶಿರಹಟ್ಟಿಯಿಂದ ಗದಗಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸಿನ ತೊಡೆಯ ಮೇಲೆ ಒದ್ದೆ ಅರಿವೆಯ ಗಂಟೊಂದಿತ್ತು. ಅವಳು ಗಂಟು ಬಿಚ್ಚಲಿಲ್ಲ, ನಾನು ಕೇಳಲಿಲ್ಲ. ಒಳಗೇನಿದೆ ಎಂದು ವಾಸನೆಯೇ ಹೇಳಿತು. ಬೆಟಗೇರಿಯ ನಮ್ಮ ಓಣಿ, ಓಣಿಯ ಕಟ್ಟೆಗಳು, ನಾನು ಮುಂಡರಗಿಯಲ್ಲಿ ಕೆಲಸಕ್ಕಿದ್ದ ವರ್ಷದ ಆ ಚಳಿಗಾಲ ಎಲ್ಲ ಒಟ್ಟಿಗೆ ನೆನಪಾದವು.

ಆಗ ನಾನು ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ ಮುಂಡರಗಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಬೆಳಿಗ್ಗೆ ಹೋಗಿ ಸಂಜೆ ಬರುವುದು. ಡಂಬಳ ದಾಟಿದರೆ ಅರ್ಧ ದಾರಿ ಆಯಿತು ಎಂದು ಲೆಕ್ಕ. ಅಪ್ಪ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದ. ಅವ್ವ ಮನೆಯಲ್ಲಿ. ನಾನು ಒಬ್ಬಳೇ ಮಗಳು, ಮಾತು ಕಡಿಮೆ. ಓಣಿಯ ಹೆಂಗಸರು ಸಂಜೆ ಕಟ್ಟೆಯ ಮೇಲೆ ಕೂತು ಕಾಳು ಹಸನು ಮಾಡುತ್ತ ಮಾತಾಡುವಾಗ ನಾನು ತಲೆತಗ್ಗಿಸಿ ಒಳಗೆ ಹೋಗುತ್ತಿದ್ದೆ. ಅದನ್ನು ಅವರು ಸೊಕ್ಕು ಎನ್ನುತ್ತಿದ್ದರು. ನನಗೆ ಅದು ಗೊತ್ತಿತ್ತು.

ಚಳಿಗಾಲದಲ್ಲಿ ನಮ್ಮ ಓಣಿಗೆ ದ್ಯಾಮವ್ವ ಬರುತ್ತಿದ್ದಳು. ಹುಲಕೋಟಿ ಕಡೆಯ ಹೊಲಗಳಲ್ಲಿ ಹಕ್ಕರಕಿ ಕಿತ್ತು, ಜೊತೆಗೆ ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲು, ಎಳೇ ಮೂಲಂಗಿ ಇಟ್ಟುಕೊಂಡು ತಲೆಯ ಮೇಲೆ ಬುಟ್ಟಿ ಹೊತ್ತು ತರುತ್ತಿದ್ದಳು. ಹಕ್ಕರಕಿಯನ್ನು ಯಾರೂ ಬಿತ್ತುವುದಿಲ್ಲ. ಹಿಂಗಾರಿ ಜೋಳ, ಕಡಲೆ ಮೇಲೇಳುವಾಗ ಸಾಲುಗಳ ನಡುವೆ ನೆಲಕ್ಕೆ ಅಂಟಿಕೊಂಡು ತಾನೇ ಬೆಳೆಯುತ್ತದೆ. ಅದನ್ನು ಬೇಯಿಸುವುದೂ ಇಲ್ಲ. ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಪಕ್ಕದಲ್ಲಿ ಒಂದು ಹಿಡಿ ಹಸಿ ತಪ್ಪಲು, ಅಂದರೆ ಸೊಪ್ಪು. ನಮ್ಮ ಕಡೆ ಚಳಿಗಾಲದ ಊಟ ಎಂದರೆ ಇದೇ. ತಪ್ಪಲನ್ನು ತೊಳೆಯುವುದೆಂದರೆ ಮೇಲಿಂದ ನೀರು ಚಿಮುಕಿಸಿ ಒಮ್ಮೆ ಜಾಡಿಸುವುದು. ಹೊಲದಲ್ಲಾದರೆ ಅದೂ ಇಲ್ಲ.

ಓಣಿಯ ಮೊದಲ ಮನೆ ನಮ್ಮದು. ತುಂಬಿದ ಬುಟ್ಟಿಯನ್ನು ತಲೆಯಿಂದ ಒಬ್ಬರೇ ಇಳಿಸಿಕೊಳ್ಳಲು ಆಗುವುದಿಲ್ಲ, ಎದುರಿನಿಂದ ಇನ್ನೊಬ್ಬರು ಹಿಡಿಯಬೇಕು. ದ್ಯಾಮವ್ವ ನಮ್ಮ ಬಾಗಿಲಿಗೆ ಬಂದು, “ಬುಟ್ಟಿ ಇಳಸಬರ್ರಿ ಅಕ್ಕಾರ” ಎಂದು ಕೂಗುತ್ತಿದ್ದಳು. ಅವ್ವ ರೊಟ್ಟಿ ಬಡಿಯುವ ಕೈಯಲ್ಲೇ ಹೋಗಿ ಬುಟ್ಟಿ ಹಿಡಿದು ಕಟ್ಟೆಯ ಮೇಲೆ ಇಳಿಸುತ್ತಿದ್ದಳು. ಬುಟ್ಟಿಯ ಅಂಚಿಗೆ ಜೋಳದ ಹಿಟ್ಟಿನ ಬೆರಳಚ್ಚು ಹತ್ತುತ್ತಿತ್ತು. ಆಮೇಲೆ ಓಣಿಯ ಹೆಂಗಸರೆಲ್ಲ ನಮ್ಮ ಕಟ್ಟೆಗೇ ಬಂದು ಕೊಳ್ಳುತ್ತಿದ್ದರು. ಕೊಂಡ ಮೇಲೆ ಅವ್ವ ಕೈ ಚಾಚಿ, “ನನ್ನ ಕೊಸರ?” ಎನ್ನುತ್ತಿದ್ದಳು. ದ್ಯಾಮವ್ವ, “ಈ ಅಕ್ಕಾರಿಗೆ ಬುಟ್ಟೀನ ಕೊಟ್ರೂ ಕೊಸರ ಬೇಕ” ಎಂದು ಬೈಯುತ್ತ ಒಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದಳು. ಪ್ರತಿ ವರ್ಷ, ಪ್ರತಿ ಬೆಳಿಗ್ಗೆ, ಅದೇ ಮಾತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಸಂಜೆ ನನಗೆ ಬಸ್ಸು ತಪ್ಪಿತು. ನನ್ನ ಜೊತೆ ಕೆಲಸ ಮಾಡುವ ರೇಣುಕಾ ಗದಗಿಗೆ ಹೊರಟಿದ್ದಳು, ಅವಳ ಸ್ಕೂಟಿಯ ಹಿಂದೆ ಕೂತೆ. ಅದು ಗೋವಿನಜೋಳ ಒಣಗಿಸುವ ಕಾಲ. ಡಂಬಳದ ಈಚೆ ಅರ್ಧ ರಸ್ತೆಯ ತುಂಬ ಕಾಳು ಹರವಿದ್ದರು. ಎದುರಿಗೆ ಲಾರಿ ಬಂತು. ರೇಣುಕಾ ಪಕ್ಕಕ್ಕೆ ಸರಿದಳು, ಗಾಲಿ ಕಾಳಿನ ಮೇಲೆ ಜಾರಿತು. ರೇಣುಕಾಳ ತಲೆಯ ಮೇಲೆ ಹೆಲ್ಮೆಟ್ ಇತ್ತು, ನನ್ನ ತಲೆಯ ಮೇಲೆ ಇರಲಿಲ್ಲ. ಬಿದ್ದದ್ದು ಕಾಳಿನ ರಾಶಿಯ ಮೇಲೆ, ಹಣೆ ಬಡಿದದ್ದು ಕಾಳು ಕಾಯಲು ಇಟ್ಟಿದ್ದ ಕಲ್ಲಿಗೆ. ಕಾಳಿನವರೇ ಓಡಿ ಬಂದು ಎತ್ತಿದರು. ಒಬ್ಬ ಅಜ್ಜ ನನ್ನ ಮುಖಕ್ಕೆ ನೀರು ಹಾಕುತ್ತಲೇ ರೇಣುಕಾಳನ್ನು ಬೈಯುತ್ತಿದ್ದ: “ಕಾಳ ಎಲ್ಲಾ ರಕ್ತಾ ಮಾಡಿದಿರಲ್ಲವಾ!”

ಗದಗಿನ ಆಸ್ಪತ್ರೆಯಲ್ಲಿ ಹುಬ್ಬಿನ ಮೇಲೆ ಹೊಲಿಗೆ ಹಾಕಿದರು. ನಾನು ಒಮ್ಮೆ ವಾಂತಿ ಮಾಡಿಕೊಂಡಿದ್ದರಿಂದ ತಲೆಯ ಸ್ಕ್ಯಾನ್ ಮಾಡಿಸಬೇಕೆಂದರು. ಅದೂ ಆಯಿತು. ಅಪ್ಪ, ಅವ್ವ, ನಾನು ಡಾಕ್ಟರ ಮುಂದೆ ಕೂತೆವು. ಅವರು ಪರದೆಯ ಮೇಲೆ ಚಿತ್ರಗಳನ್ನು ಒಂದೊಂದಾಗಿ ಸರಿಸಿದರು.

“ಬಿದ್ದದ್ದರಿಂದ ಏನೂ ಆಗಿಲ್ಲರಿ. ಎಲುಬ ಮುರದಿಲ್ಲ, ಒಳಗ ರಕ್ತ ಇಲ್ಲ. ಅಂಜಬ್ಯಾಡ್ರಿ.” ಅಪ್ಪ ಉಸಿರು ಬಿಟ್ಟ. ಡಾಕ್ಟರು ಒಂದು ಚಿತ್ರಕ್ಕೆ ಬಂದು ಸರಿಸುವುದನ್ನು ನಿಲ್ಲಿಸಿದರು. “ಆದ್ರ ಇಲ್ಲೊಂದ ಬ್ಯಾರೇದ್ದು ಕಂಡೈತಿ.”

ಬಲಗಡೆ, ಬೂದು ಬಣ್ಣದ ನಡುವೆ, ಒಂದು ಬಿಳಿ ಚುಕ್ಕೆ. ಜೋಳದ ಕಾಳಿಗಿಂತ ಸಣ್ಣದು.

“ಇದು ಇವತ್ತಿಂದಲ್ಲ, ಭಾಳ ಹಳೇದು. ಯಾವಾಗೋ ಏನೋ ಸೋಂಕ ಆಗಿ, ತಾನ ಮಾಯ್ದು, ಸುಣ್ಣ ಆಗಿ ಕುಂತೈತಿ. ಕಲೆ ಅಂತ ತಿಳ್ಕೋರಿ.”

“ಹೆಂಗ ಬಂತ್ರಿ ಅದು?” ಎಂದ ಅಪ್ಪ.

“ಹೆಚ್ಚಾಗಿ ಲಾಡಿಹುಳದ ತತ್ತಿಯಿಂದ ಇಂಥಾವು ಆಗತಾವು. ತೊಳೀಲಾರದ ಕಾಯಿಪಲ್ಲೆ, ಹೊಲಸ ನೀರು, ತೊಳೀಲಾರದ ಕೈ, ಯಾವುದರಿಂದರ ಹೊಟ್ಟಿಗೆ ಹೋಗಿರತಾವು. ಬ್ಯಾರೆ ಯಾವುದರ ಸೋಂಕಿಂದೂ ಇರಬಹುದು. ಇಂಥಾದ್ದರಿಂದನ ಅಂತ ಈಗ ಯಾರೂ ಹೇಳಾಕ ಆಗೂದಿಲ್ಲ.” ನನ್ನ ಕಡೆ ತಿರುಗಿ ಕೇಳಿದರು, “ಯಾವಾಗರ ಫಿಟ್ಸ್ ಬಂದಿತ್ತೇನವಾ?”

“ಇಲ್ಲ.”

“ಹಂಗಾರ ಔಷಧ ಬ್ಯಾಡ. ಮುಂದ ಯಾವಾಗರ ಬಂದ್ರ ಮಾತ್ರ ತಡಾ ಮಾಡಬ್ಯಾಡ್ರಿ. ಊರ ಮಂದೀನ್ನ ಎಲ್ಲಾ ಹಿಡದ ಸ್ಕ್ಯಾನ್ ಮಾಡಿದ್ರ ಎಷ್ಟ ಜನರ ತಲ್ಯಾಗ ಇಂಥಾ ಚುಕ್ಕಿ ಅದಾವೋ! ಗೊತ್ತಿಲ್ಲಂತ ಆರಾಮ ಅದಾರ. ನಿಮಗ ಗೊತ್ತಾತು, ಅಷ್ಟ.”

ಹೆಚ್ಚಾಗಿ. ಇರಬಹುದು. ಹೇಳಾಕ ಆಗೂದಿಲ್ಲ. ಡಾಕ್ಟರು ಹೇಳಿದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಈ ಮೂರು ಮಾತು. ಅವ್ವ ಕೇಳಿಸಿಕೊಂಡದ್ದು ಒಂದೇ: ಹುಳ.

ಮರುವಾರ ಅಪ್ಪನ ಸಮಾಧಾನಕ್ಕೆ ಹುಬ್ಬಳ್ಳಿಗೂ ಹೋಗಿ ಬಂದೆವು. ಅಲ್ಲಿ ದೊಡ್ಡ ಯಂತ್ರದಲ್ಲಿ ಮತ್ತೆ ಚಿತ್ರ ತೆಗೆದರು. ಅದೇ ಚುಕ್ಕೆ, ಅದೇ ಉತ್ತರ. ಬರುವಾಗ ಬಸ್ಸಿನಲ್ಲಿ ಅವ್ವ ನನ್ನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡು ಕೂತಿದ್ದಳು, ಒಳಗಿರುವುದು ಅಲುಗಾಡಿ ಚೆಲ್ಲೀತು ಎಂಬಂತೆ.

ನನ್ನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿದಿತ್ತು. ಚುಕ್ಕೆ ಎಷ್ಟು ವರ್ಷಗಳಿಂದಲೋ ನನ್ನ ಜೊತೆ ಇತ್ತು. ಅದನ್ನು ಇಟ್ಟುಕೊಂಡೇ ಪರೀಕ್ಷೆ ಬರೆದಿದ್ದೆ, ನಿದ್ದೆ ಮಾಡಿದ್ದೆ. ಇನ್ನು ಮುಂದೆಯೂ ಇರುತ್ತದೆ. ಇದನ್ನು ಯಾರಿಗೂ ಹೇಳುವ ಅಗತ್ಯ ನನಗೆ ಕಾಣಲಿಲ್ಲ. ಆದರೆ ನಮ್ಮಲ್ಲಿ ಯಾರಿಗಾದರೂ ಜಡ್ಡಾದರೆ ಮಾತಾಡಿಸಿ ಬರಬೇಕು. ಬರದಿದ್ದರೆ ಅದೊಂದು ಮಾತು ಉಳಿಯುತ್ತದೆ. ಹೊಲಿಗೆ ಬಿಚ್ಚುವ ಮೊದಲೇ ಮನೆಯಲ್ಲಿ ಬ್ರೆಡ್ಡು, ಬಿಸ್ಕೀಟು, ಮೋಸಂಬಿ ಸೇರಿಕೊಂಡವು. ಬಂದವರೆಲ್ಲ ನನ್ನ ಹಣೆ ನೋಡಿ, “ಕಣ್ಣ ಉಳೀತಲ್ಲ, ಪುಣ್ಯಾ” ಎನ್ನುತ್ತಿದ್ದರು. ಆಮೇಲೆ ದನಿ ಇಳಿಸಿ ಅವ್ವನಿಗೆ, “ಒಳಗ ಏನೋ ಸಿಕ್ಕೇತಂತ?” ಎಂದು ಕೇಳುತ್ತಿದ್ದರು. ಅವ್ವ ಹೇಳುತ್ತಿದ್ದಳು. ಸುಮ್ಮನಿರುವುದು ಅವಳಿಗೆ ಬರುವುದಿಲ್ಲ. ನಾನು ಒಳಕೋಣೆಯಲ್ಲಿ ಪರದೆಯ ಹಿಂದೆ ಮಲಗಿ ನನ್ನ ತಲೆಯ ಕಥೆ ಕೇಳುತ್ತಿದ್ದೆ. ಮೊದಲ ದಿನ ಮಾಯ್ದಿದ್ದ ಹುಳ ನಾಲ್ಕು ಮಂದಿ ಬಂದು ಹೋಗುವಷ್ಟರಲ್ಲಿ ನಿದ್ದೆ ಮಾಡುವ ಹುಳವಾಗಿತ್ತು.

ಒಂದು ದಿನ ಲಕ್ಷ್ಮೇಶ್ವರದಿಂದ ದೊಡ್ಡವ್ವ ಬಂದಳು. ಅವ್ವನ ಅಕ್ಕ. ನನಗೆ ಲಕ್ಷ್ಮೇಶ್ವರದ ಒಂದು ಮನೆತನದಿಂದ ಸಂಬಂಧ ಕೇಳಿದ್ದರು, ಮಾತು ನಡೆಸಿದ್ದವಳು ಅವಳೇ. ನಾನು ಹುಡುಗನ ಜೊತೆ ಒಮ್ಮೆ ಫೋನಿನಲ್ಲಿ ಮಾತಾಡಿದ್ದೆ, ಬೇಡ ಅನ್ನಿಸುವಂಥದ್ದೇನೂ ಇರಲಿಲ್ಲ. ದೊಡ್ಡವ್ವ ಬಂದಾಗ ಎದುರು ಮನೆಯ ಸಾವಿತ್ರಿ ಕಾಕು ಚಹಾ ಕುಡಿಯುತ್ತ ನಮ್ಮಲ್ಲೇ ಕೂತಿದ್ದಳು. ದೊಡ್ಡವ್ವ ನನ್ನನ್ನು ಹೊರಗೆ ಕರೆದಳು.

“ಶೈಲೀ, ಬಾ ಇಲ್ಲೆ, ಕುಂಡ್ರು. ನಮ್ಮ ಹುಡುಗ ಮಂಜ್ಯಾ ಮೊಬೈಲ್‌ನ್ಯಾಗ ನೋಡಿದ. ಅದು ಹಂದಿ ತಿಂದವ್ರಿಗೆ ಬರೂ ಹುಳ ಅಂತ.”

ನಮ್ಮದು ಉಳ್ಳಾಗಡ್ಡಿಯನ್ನೂ ಸೋಮವಾರ ಬಿಡುವ ಮನೆ.

“ಖರೇ ಹೇಳವಾ. ಧಾರವಾಡದಾಗ ಹಾಸ್ಟೆಲಿನ್ಯಾಗ ಎಲ್ಲಾ ಥರದ ಮಂದಿ ಇರತಾರ. ಗೆಳತ್ಯಾರ ಕೂಡ ಹೊರಗ ಏನರ ತಿಂದಿದ್ದೇನ? ತಿಳೀಲಾರದ?”

“ಇಲ್ಲ ದೊಡ್ಡವ್ವ. ಮತ್ತ ಅದು ಹಂಗ ಬರೂದೂ ಇಲ್ಲ. ಮಾಂಸ ತಿಂದವ್ರ ಹೊಟ್ಟ್ಯಾಗ ಹುಳ ಆಗತೈತಿ. ಅದರ ತತ್ತಿ ನೀರಾಗೋ ಮಣ್ಣಾಗೋ ಸೇರಿ ಬ್ಯಾರೆಯವ್ರ ಬಾಯಿಗೆ ಹೋದ್ರ ಇಂಥಾ ಚುಕ್ಕಿ ಆಗತೈತಿ. ಅಂಥವ್ರು ಏನೂ ತಿಂದಿರಬೇಕಂತಿಲ್ಲ.”

“ಅಷ್ಟೆಲ್ಲಾ ನನಗ ತಿಳಿಯೂದಿಲ್ಲವಾ. ಅವರ ಮನ್ಯಾಗ ಕೇಳಿದ್ರ ನಾ ಏನ ಹೇಳ್ಲಿ? ಅಷ್ಟ ಹೇಳು.”

ಆಗ ಅವ್ವ ಮಾತಾಡಿದಳು. ದನಿ ಎತ್ತರಿಸಿ, ಸಾವಿತ್ರಿ ಕಾಕುವಿಗೂ ಸರಿಯಾಗಿ ಕೇಳುವಂತೆ.

“ಅಕ್ಕಾ, ಡಾಕ್ಟರ ಖುದ್ದ ಹೇಳ್ಯಾರ. ಹಸಿ ತಪ್ಪಲದಿಂದನ ಬಂದದ್ದು. ನಮ್ಮನಿಗೆ ಹಸಿ ತಪ್ಪಲ ಎಲ್ಲಿಂದ ಬರತೈತಿ? ಆ ದ್ಯಾಮವ್ವನ ಬುಟ್ಟಿಯಿಂದ. ಯಾ ಗಟಾರ ದಂಡ್ಯಾಗ ಕಿತ್ತ ತರತಾಳೋ ಏನೋ! ನನ್ನ ಮಗಳು ಎಲ್ಲೂ ಏನೂ ತಿಂದಿಲ್ಲ.”

ಹೀಗೆ ಅವ್ವ ಒಂದೇ ಮಾತಿನಲ್ಲಿ ಹಂದಿಯನ್ನು ನನ್ನ ತಾಟಿನಿಂದ ತೆಗೆದು ದ್ಯಾಮವ್ವನ ಬುಟ್ಟಿಗೆ ಹಾಕಿದಳು. “ಡಾಕ್ಟರು ಹಂಗ ಅಂದಿಲ್ಲವ್ವಾ” ಎಂದೆ. “ನೀ ಒಳಗ ಹೋಗಿ ಮಕ್ಕೋ, ತಲಿಗೆ ತ್ರಾಸ ಮಾಡಿಕೋಬ್ಯಾಡ” ಎಂದಳು. ದೊಡ್ಡವ್ವನ ಮುಖ ಹಗುರಾಯಿತು. ಸಾವಿತ್ರಿ ಕಾಕು ಕಪ್ಪು ಕೆಳಗಿಟ್ಟು ಎದ್ದಳು. ಆ ಚಹಾ ಅವಳು ಪೂರ್ತಿ ಕುಡಿಯಲಿಲ್ಲ ಎಂದು ನನಗೆ ನೆನಪಿದೆ.

ಮರುದಿನ ದ್ಯಾಮವ್ವ ಬಂದಳು. “ಬುಟ್ಟಿ ಇಳಸಬರ್ರಿ ಅಕ್ಕಾರ.”

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. “ಇವತ್ತ ಬ್ಯಾಡ” ಎಂದು ಅಲ್ಲಿಂದಲೇ ಹೇಳಿದಳು. ನಾನು ಎದ್ದು ಬರುವಷ್ಟರಲ್ಲಿ ದ್ಯಾಮವ್ವ ಹೊತ್ತ ಬುಟ್ಟಿಯೊಂದಿಗೇ ಮುಂದಕ್ಕೆ ಹೋಗಿದ್ದಳು. ಸಾವಿತ್ರಿ ಕಾಕು, “ಇವತ್ತ ಬ್ಯಾಡ” ಎಂದದ್ದು ಕೇಳಿಸಿತು. ಅದರ ಮುಂದಿನ ಮನೆಯಲ್ಲೂ. ಒಬ್ಬರಾದರೂ ಇನ್ನೊಂದು ಮಾತು ಸೇರಿಸಿ ಕಾರಣ ಹೇಳಲಿಲ್ಲ. ಅವಳು ನಾಲ್ಕಾರು ದಿನ ಹಾಗೇ ಬಂದಳು. ಬುಟ್ಟಿ ಓಣಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಕೆಳಗಿಳಿಯದೆ ಹೋಗುತ್ತಿತ್ತು. ಆಮೇಲೆ ಬರುವುದನ್ನು ಬಿಟ್ಟಳು. ಅಷ್ಟರಲ್ಲಿ ಅವಳು ಗಟಾರದ ನೀರಿನಲ್ಲಿ ಸೊಪ್ಪು ಬೆಳೆಯುತ್ತಾಳಂತೆ, ಅಲ್ಲಿ ಹಂದಿ ಅಡ್ಡಾಡುತ್ತವಂತೆ, ಯಾರೋ ನೋಡಿದ್ದಾರಂತೆ ಎಂಬಲ್ಲಿಗೆ ಕಥೆ ಮುಟ್ಟಿತ್ತು. ಹಿಂದಿನ ಓಣಿಯವರೂ ಕೊಳ್ಳುವುದನ್ನು ಬಿಟ್ಟಿದ್ದರು.

ನಾನು ಅವ್ವನಿಗೆ ಹೇಳಿದೆ, ಒಂದಲ್ಲ ಎರಡು ಸಲ. “ನಿನಗ ಗೊತ್ತಾಗೂದಿಲ್ಲ” ಎಂದಳು. ಗೊತ್ತಾಗುತ್ತಿತ್ತು. ಓಣಿಗೆ ಒಂದು ಕಾರಣ ಬೇಕಾಗಿತ್ತು. ದ್ಯಾಮವ್ವ ಅಲ್ಲ ಎಂದರೆ ಮುಂದಿನ ಪ್ರಶ್ನೆ ಧಾರವಾಡದ್ದು. ಅಲ್ಲಿಂದ ಆಚೆಗೆ ಲಕ್ಷ್ಮೇಶ್ವರದ ಮನೆತನ. ದ್ಯಾಮವ್ವನನ್ನು ಉಳಿಸಬೇಕಾದರೆ ನಾನು ಓಣಿಯ ನಡುವೆ ಕೂತು ನನ್ನ ತಲೆಯನ್ನು ಎಲ್ಲರ ಮುಂದೆ ಬಿಚ್ಚಿಡಬೇಕು, ಮತ್ತು ಕೊನೆಗೆ “ಎಲ್ಲಿಂದ ಬಂತೋ ಗೊತ್ತಿಲ್ಲ” ಎನ್ನಬೇಕು. ಆ ಉತ್ತರ ಯಾರಿಗೂ ಸಾಕಾಗುವುದಿಲ್ಲ. ನಾನು ಕಾಲೇಜಿಗೆ ಹೋಗಲು ಶುರು ಮಾಡಿದೆ. ಹಣೆಯ ಗಾಯ ಒಣಗಿತು. ಮನೆಯಲ್ಲಿ ಮೆಂತ್ಯೆಯನ್ನು ಬೇಯಿಸಿ ಪಲ್ಲೆ ಮಾಡುತ್ತಿದ್ದರು. ಅಪ್ಪ ರೊಟ್ಟಿಯ ಪಕ್ಕ ಕೈ ಹಾಕಿ, ಏನೂ ಸಿಗದೆ, ಕೈ ಹಿಂದಕ್ಕೆ ತೆಗೆಯುತ್ತಿದ್ದ.

ಎಳ್ಳಮಾಸಿಗೆ, ಎಂದರೆ ಎಳ್ಳು ಅಮಾವಾಸ್ಯೆಗೆ, ಬೆಳ್ಳಟ್ಟಿಗೆ ಹೋದೆವು. ಅಲ್ಲಿ ಸೋದರಮಾವನ ಹೊಲ ಇದೆ. ಎಳ್ಳಮಾಸಿಯ ದಿನ ಹೊಲದಲ್ಲಿ ಪೂಜೆ ಮಾಡಿ, ನೈವೇದ್ಯದ ಅಡಿಗೆಯನ್ನು ಬೆಳೆಯ ಮೇಲೆ ಚರಗ ಚೆಲ್ಲಿ, ಎಲ್ಲರೂ ಅಲ್ಲೇ ಕೂತು ಊಟ ಮಾಡುವುದು. ಅವ್ವ ಕಟ್ಟಿದ ಬುತ್ತಿಯಲ್ಲಿ ಸಜ್ಜಿ ರೊಟ್ಟಿ, ಬದನೆಕಾಯಿ, ಕಾಳಿನ ಪಲ್ಲೆ, ಶೇಂಗಾ ಹೋಳಿಗೆ ಎಲ್ಲ ಇತ್ತು. ಹಸಿ ತಪ್ಪಲು ಇರಲಿಲ್ಲ. ಮಾವ ಎರಡು ತುತ್ತು ತಿಂದು ಸುತ್ತ ನೋಡಿದ.

“ಯಾಕ, ತಪ್ಪಲಕ್ಕೂ ತುಟ್ಟಿ ಬಂತೇನ ಗದಗಿನ್ಯಾಗ?”

“ಬ್ಯಾಡೋ ಯಪ್ಪಾ, ಅದರಾಗ ಹುಳಾ ಇರತಾವು” ಎಂದಳು ಅವ್ವ.

ಮಾವ ಕೂತಲ್ಲಿಂದಲೇ ಬಾಗಿ ಜೋಳದ ಸಾಲಿನ ಬುಡದಿಂದ ಒಂದು ಹಿಡಿ ಹಕ್ಕರಕಿ ಕಿತ್ತ. ಧೋತರಕ್ಕೆ ಒರೆಸಿ ಬಾಯಿಗೆ ಹಾಕಿಕೊಂಡ. “ಬರವಲ್ಲವ್ಯಾಕ. ಇಷ್ಟ ವರ್ಷ ಒಬ್ಬನ ಉಣ್ಣಾಕತ್ತಿದ್ದೆ, ಇನ್ನ ಜೋಡಿ ಆಕ್ಕಾವು.”

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ನಾನು ಆ ಸಾಲನ್ನು ನೋಡುತ್ತ ಕೂತೆ. ಅಲ್ಲಿ ಕಾಲುವೆ ಇಲ್ಲ, ಬೋರಿಲ್ಲ, ಗಟಾರ ಇಲ್ಲ. ಮಳೆ ಬಿದ್ದರೆ ನೀರು, ಇಲ್ಲದಿದ್ದರೆ ಇಲ್ಲ. ದ್ಯಾಮವ್ವ ಕೀಳುವುದೂ ಇಂಥದೇ ಎರೆಹೊಲದಲ್ಲಿ. ಇದು ಅವ್ವನಿಗೂ ಗೊತ್ತು, ಸಾವಿತ್ರಿ ಕಾಕುವಿಗೂ ಗೊತ್ತು, ಇಬ್ಬರೂ ಹೊಲದ ಮನೆಗಳಲ್ಲಿ ಹುಟ್ಟಿದವರು. ಗೊತ್ತಿದ್ದೂ ಹೇಳುತ್ತಿದ್ದರು. ಹೊಲದ ಸೊಪ್ಪಿನಿಂದ ಎಂದೂ ಏನೂ ಬರುವುದಿಲ್ಲ ಎಂದು ನಾನು ಹೇಳಲಾರೆ. ಮಾವನ ಹಾಗೆ ಧೋತರಕ್ಕೆ ಒರೆಸಿ ತಿನ್ನುವುದು ಸರಿ ಎಂದೂ ಹೇಳಲಾರೆ. ಆದರೆ ಸರಿಯಾಗಿ ತೊಳೆಯದೇ ತಿಂದವರು ನಾವು. ಬುಟ್ಟಿ ಹೊತ್ತವಳು ತಿನ್ನಿಸಿರಲಿಲ್ಲ.

ಎರಡು ದಿನದ ಮೇಲೆ ದ್ಯಾಮವ್ವ ಸಿಕ್ಕಳು. ಗದಗಿನಲ್ಲಿ ಮುಂಡರಗಿಯ ಬಸ್ಸು ಹತ್ತುವಲ್ಲಿ, ಬಸ್‌ಸ್ಟ್ಯಾಂಡಿನ ಹೊರಗಿನ ಗೋಡೆಗೆ ಆತು ಕೂತಿದ್ದಳು. ಬುಟ್ಟಿ ಮುಂದಿತ್ತು. ಅವಸರದಲ್ಲಿರುವ ಮಂದಿ ಅವಳನ್ನು ದಾಟಿ ಹೋಗುತ್ತಿದ್ದರು. ಬಿಸಿಲಿಗೆ ಮೇಲಿನ ಎಲೆಗಳು ಬಾಡಿದ್ದವು. ನನ್ನನ್ನು ನೋಡಿ ಎದ್ದು ನಿಂತಳು.

“ಯವ್ವಾ ತಂಗೀ, ತಲಿಗೆ ಪೆಟ್ಟಾಗಿತ್ತಂತಲ್ಲ, ಈಗ ಹೆಂಗದೀ? ಮಾತಾಡಸಾಕ ಬರಬೇಕಂತ ಭಾಳ ಮಾಡಿದ್ನಿ. ಆದ್ರ ನಿಮ್ಮವ್ವ ನನ್ನ ಮ್ಯಾಲ ಸಿಟ್ಟ ಆಗ್ಯಾಳ, ಹೆಂಗ ಬರ್ಲಿ? ನಾ ಏನರ ಅಂದ್ನೇನ ಅಕಿಗೆ? ಕೊಸರಿನ ಮಾತ ಮನಸಿಗೆ ಹಚಗೊಂಡ್ಳೇನ? ಅದು ಚ್ಯಾಷ್ಟಿಗೆ ಅಂದದ್ದವಾ.”

ಎಲ್ಲ ಗೊತ್ತಿದ್ದೇ ದೂರ ಉಳಿದಿದ್ದಾಳೆ ಎಂದುಕೊಂಡಿದ್ದೆ. ಅವಳಿಗೆ ಏನೂ ಗೊತ್ತಿರಲಿಲ್ಲ. ಇಷ್ಟು ದಿನ ತಾನು ಆಡಿದ ಮಾತುಗಳಲ್ಲಿ ತಪ್ಪು ಹುಡುಕಿಕೊಂಡು ಕೂತಿದ್ದಳು. ನಾನು ಅವಳ ಪಕ್ಕ ಕೂತು ಹೇಳಿದೆ. ಬಿದ್ದದ್ದು, ಸ್ಕ್ಯಾನು, ಚುಕ್ಕೆ, ದೊಡ್ಡವ್ವ, ಅವ್ವ. ಮುಂಡರಗಿಯ ಬಸ್ಸು ಬಂತು, ಹೋಯಿತು. ಮನೆಯವರನ್ನು ಬಿಟ್ಟು ನಾನಾಗಿಯೇ ಈ ಮಾತನ್ನು ಹೇಳಿದ ಮೊದಲ ವ್ಯಕ್ತಿ ಅವಳು.

ಅವಳು ಮೊದಲು ನಕ್ಕಳು. “ಹಂಗಾರ ನನ್ನ ತಲಿ ತುಂಬ ಹುಳಾನ ಇರಬೇಕಲ್ಲ! ನಾ ಹಲ್ಲ ಬಂದಾಗಿಂದ ತಿನ್ನಾಕತ್ತೀನಿ.” ಆಮೇಲೆ ನಗು ನಿಂತಿತು. ಬುಟ್ಟಿಯ ಮೇಲಿನ ಒದ್ದೆ ಅರಿವೆಯನ್ನು ಸರಿಮಾಡಿದಳು. “ನಿನಗೇನೂ ಆಗೂದಿಲ್ಲಲಾ?”

“ಇಲ್ಲ.”

“ಮತ್ತ ಸಾಕ ಬಿಡು.” ಆಮೇಲೆ ಹೇಳಿದಳು, “ನನಗ ಒಂದ ಮಾತ ಕೇಳಬೇಕಿತ್ತವಾ, ದ್ಯಾಮವ್ವ ಎಲ್ಲೆ ಕೀಳತೀ ಅಂತ. ಕೇಳಿದ್ರ ಹೊಲಕ್ಕ ಕರಕೊಂಡ ಹೊಕ್ಕಿದ್ನಿ. ಓಣಿ ಹ್ವಾತು ಅನ್ನು, ಇನ್ನೊಂದ ಓಣಿ ಹಿಡೀಬಹುದು. ಆದ್ರ ಈ ಮಾತ ನನಗಿಂತ ಮುಂದ ಓಡತೈತಿ. ಹ್ವಾದಲ್ಲೆಲ್ಲಾ ನನಗಿಂತ ಮೊದಲ ಹೋಗಿ ಕುಂತಿರತೈತಿ.”

ಆ ದಿನ ಸಂಜೆ ಹಿಂದಿರುಗುವಾಗ ಅವಳು ಇನ್ನೂ ಅಲ್ಲೇ ಇದ್ದಳು. ಉಳಿದದ್ದರಲ್ಲಿ ಎರಡು ಕಟ್ಟು ಹಕ್ಕರಕಿ ಕೊಂಡೆ, ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದು ಓಣಿಗೆ ಬಂದೆ. ಸಾವಿತ್ರಿ ಕಾಕುವಿನ ಕಟ್ಟೆಯ ಮೇಲೆ ಮೂರು ನಾಲ್ಕು ಮಂದಿ ಕೂತು ಹಸಿ ಕಡಲೆ ಸುಲಿಯುತ್ತಿದ್ದರು. ನಾನು ಹೋಗಿ ಅವರ ನಡುವೆ ಕೂತೆ. ಹಿಂದೆಂದೂ ಕೂತವಳಲ್ಲ. ಒಬ್ಬಳು ಸರಿದು ಜಾಗ ಮಾಡಿದಳು. ಎಲ್ಲರ ಕಣ್ಣು ನನ್ನ ಕೈಯ ಮೇಲಿತ್ತು.

“ಏನ್ ಶೈಲಾ, ಇದನ್ನ ತಂದೀಯಲ್ಲ?” ಎಂದಳು ಕಾಕು.

ಪಾಠ ಹೇಳುವಂತೆ ಹೇಳಿದೆ, ನನಗೆ ಬೇರೆ ಬಗೆ ಬರುವುದಿಲ್ಲ. ತಲೆಯಲ್ಲಿ ಚುಕ್ಕೆ ಇದೆ. ಅದು ಸತ್ತು ಸುಣ್ಣವಾದದ್ದು, ನಿದ್ದೆ ಮಾಡುತ್ತಿಲ್ಲ. ಯಾವಾಗ ಬಂತು, ಎಲ್ಲಿಂದ ಬಂತು, ಯಾರಿಗೂ ಗೊತ್ತಿಲ್ಲ. ಮನೆಯ ನೀರಿನಿಂದ ಇರಬಹುದು, ಸಣ್ಣವಳಿದ್ದಾಗ ಆಡಿದ ಮಣ್ಣಿನಿಂದ ಇರಬಹುದು, ನಾವು ತೊಳೆಯದೆ ತಿಂದ ಯಾವುದೋ ಕಾಯಿಯಿಂದ ಇರಬಹುದು. ದ್ಯಾಮವ್ವನಿಂದ ಎಂದು ಡಾಕ್ಟರು ಹೇಳಿಲ್ಲ.

“ಮತ್ತ ನಿಮ್ಮವ್ವನ ಅಂದ್ಳಲ್ಲ?”

“ಅವ್ವ ಅಂದ್ಳು. ಡಾಕ್ಟರ ಅಂದಿಲ್ಲ.”

“ಧಾರವಾಡದಾಗಿಂದೂ ಇರಬಹುದು ಹಂಗಾರ” ಎಂದಳು ಇನ್ನೊಬ್ಬಳು, ಕಡಲೆಯ ಮೇಲೆ ಕಣ್ಣಿಟ್ಟು.

“ಇರಬಹುದು. ಮೆಸ್ಸಿನ ನೀರಿಂದ ಇರಬಹುದು. ಹಂದಿ ನಾ ತಿಂದಿಲ್ಲ. ನಂಬೂದು ಬಿಡೂದು ನಿಮಗ ಬಿಟ್ಟದ್ದು.”

ಕಾಕುವಿನ ಒಳಗಿಂದ ಒಂದು ಬೋಗುಣಿ ನೀರು, ಒಂದು ಹಿಡಿ ಉಪ್ಪು ಕೇಳಿ ತರಿಸಿಕೊಂಡೆ. ಅಲ್ಲೇ ಕೂತು ಎಲೆ ಎಲೆ ಬಿಡಿಸಿ, ನೀರು ಬದಲಿಸಿ ಬದಲಿಸಿ ತೊಳೆದೆ. ಎರಡನೆಯ ನೀರಿನಲ್ಲೂ ಎರೆಮಣ್ಣು ತಳಕ್ಕೆ ಕೂತಿತು. “ಯವ್ವಾ, ಇಷ್ಟ ಮಣ್ಣ ತಿಂತಿದ್ದಿವೇನ ನಾವು!” ಎಂದಳು ಕಾಕು. ಕೊನೆಯ ನೀರು ತಿಳಿಯಾದಾಗ ಒಂದು ಎಲೆ ಬಾಯಿಗೆ ಹಾಕಿಕೊಂಡೆ. ಉಳಿದದ್ದನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದೆ. ಅವ್ವ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು.

“ನಿನ್ನ ಹೆಸರ ಉಳೀಲಿ ಅಂತ ಮಾಡಿದ್ನಿ. ನೀನ ಹೋಗಿ ಓಣ್ಯಾಗ ಹರವಿ ಬಂದಿ” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ರಾತ್ರಿ ಊಟಕ್ಕೆ ಅಪ್ಪ ಹಕ್ಕರಕಿಯ ತಾಟನ್ನು ತನ್ನ ಕಡೆ ಎಳೆದುಕೊಂಡು ಒಂದೂ ಉಳಿಸದೆ ತಿಂದ. ಆ ವಿಷಯದಲ್ಲಿ ಅವನು ಹೇಳಿದ್ದು ಅಷ್ಟೇ.

ಸಂಕ್ರಮಣದ ಮುಂಚೆ ದೊಡ್ಡವ್ವ ಫೋನು ಮಾಡಿದಳು. ಲಕ್ಷ್ಮೇಶ್ವರದವರು ಈ ವರ್ಷ ಲಗ್ನ ಮಾಡುವ ವಿಚಾರದಲ್ಲಿಲ್ಲವಂತೆ, ಮುಂದೆ ನೋಡೋಣ ಅಂದರಂತೆ. ಆ ವರ್ಷವೇ ಅವರ ಮನೆಯಲ್ಲಿ ಲಗ್ನವಾಯಿತು. ಚುಕ್ಕೆಯೇ ಕಾರಣವೋ, ಕಟ್ಟೆಯ ಮೇಲೆ ನಾನು ಆಡಿದ ಮಾತು ಕಾರಣವೋ, ಬೇರೇನೋ, ಹೇಳಲಾಗುವುದಿಲ್ಲ. ನನಗೆ ಅತ್ತು ಕರೆಯುವಷ್ಟು ದುಃಖವಾಗಲಿಲ್ಲ. ಸ್ವಲ್ಪ ಆಯಿತು.

ಸಾವಿತ್ರಿ ಕಾಕು ಹಿಂದೆ ಮಾತು ಹರಡಿದ ಹಾಗೆಯೇ ಈಗ ಉಪ್ಪುನೀರಿನ ಮಾತು ಹರಡಿದಳು. ಅದೂ ಬೇಗ ಓಡಿತು. ಸಂಕ್ರಮಣದ ನಂತರ ಒಂದು ಬೆಳಿಗ್ಗೆ ಓಣಿಯಲ್ಲಿ ದ್ಯಾಮವ್ವನ ದನಿ ಕೇಳಿತು. ಅವ್ವ ರೊಟ್ಟಿ ಬಿಟ್ಟು ಎದ್ದಳು, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಹೋದಳು. ದ್ಯಾಮವ್ವ ನಮ್ಮ ಕಟ್ಟೆಯನ್ನು ದಾಟಿ ಎದುರಿಗೆ ಹೋಗಿ, “ಬುಟ್ಟಿ ಇಳಸ್ರಿ” ಎಂದು ಕಾಕುವನ್ನು ಕರೆದಳು.

ಅಂದಿನಿಂದ ಬುಟ್ಟಿ ಇಳಿಯುವುದು ಕಾಕುವಿನ ಕಟ್ಟೆಯ ಮೇಲೆ. ಅವ್ವ ಓಣಿ ದಾಟಿ ಹೋಗಿ, ನಾಲ್ಕು ಮಂದಿಯ ಹಿಂದೆ ನಿಂತು ಕೊಂಡು ಬರುತ್ತಿದ್ದಳು. ದ್ಯಾಮವ್ವ ಅವಳಿಗೆ ಕೊಡುತ್ತಿದ್ದಳು, ಒಳ್ಳೆಯದನ್ನೇ ಕೊಡುತ್ತಿದ್ದಳು. ಕೊಸರು ಹಾಕುತ್ತಿರಲಿಲ್ಲ. ಅವ್ವ ಕೇಳುತ್ತಿರಲಿಲ್ಲ. ನಾನೊಮ್ಮೆ ದ್ಯಾಮವ್ವನನ್ನು ಕೇಳಿದ್ದೆ, ಊರ ತುಂಬ ಹೇಳಿದವಳು ಕಾಕು, ಮತ್ತೆ ಅವಳ ಕಟ್ಟೆಗೇ ಯಾಕೆ ಎಂದು.

“ಅಕಿ ಬಾಯಿ ಹಂಗ ಐತಿ ತಂಗೀ, ಎಲ್ಲಾರಿಗೂ ಅಂತಾಳ. ನಿಮ್ಮವ್ವ ನನ್ನ ಬುಟ್ಟಿ ಇಳಿಸಿದಾಕಿ.”

ಅದಾದ ಮೇಲೆ ನನಗೆ ಶಿರಹಟ್ಟಿಯಲ್ಲಿ ಕಾಯಂ ಕೆಲಸವಾಯಿತು, ಅಲ್ಲೇ ಮನೆ ಮಾಡಿದೆ. ಚುಕ್ಕೆ ಇದ್ದಲ್ಲೇ ಇದೆ. ಈವರೆಗೆ ಏನೂ ಆಗಿಲ್ಲ. ತಿಂಗಳುಗಟ್ಟಲೆ ಅದು ನೆನಪಿಗೂ ಬರುವುದಿಲ್ಲ.

ಹೋದ ರವಿವಾರ ಬಸ್ಸಿಳಿದು ಮನೆಗೆ ಬಂದಾಗ ಎದುರು ಕಟ್ಟೆಯ ಮೇಲೆ ಬುಟ್ಟಿ ಇತ್ತು. ದ್ಯಾಮವ್ವನ ಕೂದಲು ಪೂರ್ತಿ ಬೆಳ್ಳಗಾಗಿದೆ. ನಾನು ಹೋಗಿ ಕೊಂಡೆ. ಅವಳು ಒಂದು ಹಿಡಿ ಹೆಚ್ಚಿಗೆ ತೆಗೆದು ನನ್ನ ಕೈಗಿಟ್ಟಳು. ನಮ್ಮ ಬಾಗಿಲಲ್ಲಿ ನಿಂತಿದ್ದ ಅವ್ವನಿಗೆ ಕೇಳುವಂತೆ, “ಇದು ನಿನ್ನ ಕೊಸರು ತಂಗೀ. ನಿಮ್ಮವ್ವಂದು ನಿನ್ನ ಕೈಯಾಗ ಕೊಡೂದಿಲ್ಲ. ಬೇಕಾದ್ರ ಅಕೀನ ಬಂದ ಕೇಳ್ಲಿ” ಎಂದಳು.

ಅವ್ವ ಒಳಗೆ ಹೋಗುತ್ತಾಳೆ ಎಂದುಕೊಂಡೆ. ಮೊಣಕಾಲು ನೋವು ಬಂದಾಗಿನಿಂದ ಅವಳು ಮೆಟ್ಟಿಲು ಇಳಿಯುವುದು ನಿಧಾನ. ಗೋಡೆ ಹಿಡಿದು ಇಳಿದಳು, ಓಣಿ ದಾಟಿ ಬಂದಳು. ಕೈಯಲ್ಲಿ ತಾಟೂ ಇರಲಿಲ್ಲ, ಚೀಲವೂ ಇರಲಿಲ್ಲ.

“ನನ್ನ ಕೊಸರ ಎಲ್ಲೈತಿ?” ಎಂದಳು.

ದ್ಯಾಮವ್ವ ಬುಟ್ಟಿಯ ತಳಕ್ಕೆ ಕೈ ಹಾಕಿ, ಅರಿವೆಯ ಕೆಳಗೆ ತಂಪಾಗಿದ್ದ ಒಂದು ಹಿಡಿ ತೆಗೆದಳು. ಬೇರಿನ ಮಣ್ಣನ್ನು ಕಟ್ಟೆಯ ಅಂಚಿಗೆ ಎರಡು ಸಲ ಜಾಡಿಸಿದಳು. ಅವ್ವ ಸೆರಗು ಒಡ್ಡಿದಳು.

“ತೊಳಕೊಂಡ ತಿನ್ರಿ, ಅಕ್ಕಾರ.”